ಸರ್ಕಲ್ಲಿನಲ್ಲಿ ಕಟ್ಟಿದ ಮುಖಗಳು

ರಾಯಚೂರಿನ ನಡುಮಧ್ಯದ ದೊಡ್ಡ ಸರ್ಕಲ್ಲಿನಲ್ಲಿ ನನ್ನದು ಫ್ಲೆಕ್ಸ್ ಅಂಗಡಿ. ಹುಟ್ಟುಹಬ್ಬಕ್ಕೆ, ಮದುವೆಗೆ, ಸಾವಿಗೆ ಮುಖ ಪ್ರಿಂಟ್ ಮಾಡಿ ಕಟ್ಟುವವನು ನಾನೇ. ಕಟ್ಟಿದ ಮೇಲೆ ಯಾರಿಗೆ ಎದೆ ಧಸಕ್ಕೆಂದರೂ ನಾನು ಜವಾಬ್ದಾರನಲ್ಲ ಎಂದು ಬೋರ್ಡು ಹಾಕಬೇಕೆಂದುಕೊಳ್ಳುತ್ತೇನೆ. ಅಷ್ಟರಲ್ಲಿ ಇನ್ನೊಂದು ಅವಾಂತರ ಆಗಿರುತ್ತದೆ.

ಭತ್ತದ ಕೆಳಗೆ

ಒಬ್ಬ ಮುಖಂಡರ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿದ ಮರುದಿನವೇ ಮಾಯ. ವಿರೋಧಿಗಳದೇ ಕೆಲಸ ಎಂದು ಅವರು ಕೆಂಡವಾದರು. ಮುಂದೊಂದು ದಿನ ಅವರ ಜೊತೆ ಕಲ್ಲೂರಿಗೆ ಹೋದರೆ, ರಸ್ತೆ ಪಕ್ಕ ಅವರದೇ ಮುಖ ಅಂಗಾತ ಮಲಗಿತ್ತು, ಮೂಗಿನ ತನಕ ಒಣಹಾಕಿದ ಭತ್ತ. ಕಾಲಲ್ಲಿ ಭತ್ತ ತಿರುವುತ್ತಿದ್ದ ಮುದುಕಿ ಗುರುತು ಹಿಡಿದು ಕೈಮುಗಿದಳು: "ಮೊದ್ಲ ಮತ್ತೊಬ್ರನ್ನ ಹಾಸಿದ್ದೆ, ನೆಲದ ತ್ಯಾವ ಏರಿ ಭತ್ತ ಹಸಿ ಆಗ್ತಿತ್ತು. ನೀವೇ ಗಟ್ಟಿ ನೋಡ್ರಿ ಯಪ್ಪಾ."

ಗಾಳಿಗೆ ತೂತು

ಫ್ಲೆಕ್ಸ್ ಹರಿಯದಿರಲಿ ಎಂದು ಗಾಳಿ ಹಾಯಲು ಅಲ್ಲಲ್ಲಿ ತೂತು ಕೊಯ್ಯುತ್ತೇವೆ. ಕವಿತಾಳದ ಗೆಳೆಯರ ಗುಂಪಿನ ಫ್ಲೆಕ್ಸಿನಲ್ಲಿ ಒಬ್ಬನಿಗೆ ಮುಖವೇ ಇಲ್ಲದ್ದು ಕಂಡು ದಂಗಾದೆ. ಕುತ್ತಿಗೆಯ ಮೇಲೆ ಬರೀ ಆಕಾಶ. ಅಷ್ಟರಲ್ಲಿ ನನ್ನದೇ ಏಣಿ ಇಳಿದು ಬಂದವನು ಆ ಮುಖದವನೇ, ಗೆಳೆಯರೊಡನೆ ಜಗಳವಾಗಿ ತನ್ನ ಮುಖ ಕೊಯ್ದುಕೊಂಡಿದ್ದನಂತೆ. "ಗಾಳಿ ಹೋಗಾಕ ತೂತು ಬೇಕಲ್ರೀ" ಎಂದು, ತನ್ನ ಮುಖವನ್ನು ಸುರುಳಿ ಸುತ್ತಿ ಬಗಲಲ್ಲಿಟ್ಟುಕೊಂಡು ಬಸ್ಸು ಹತ್ತಿದ.

ಮೂಲೆಯಲ್ಲಿರುವವರು

ಮಾನ್ವಿಯಲ್ಲಿ ಅಕ್ಕಿ ಗಿರಣಿ ಇಟ್ಟ ಹುಡುಗನೊಬ್ಬನಿಗೆ ದೇವದುರ್ಗದ ಹೆಣ್ಣು ಗೊತ್ತಾಗಿತ್ತು. ಅಷ್ಟರಲ್ಲಿ ಊರಿನ ಗಿರಣಿ ಮಾಲೀಕರಲ್ಲಿ ಹಿರಿಯರಾದ ಯಜಮಾನರೊಬ್ಬರು ತೀರಿಕೊಂಡರು. ಹುಡುಗ ಶ್ರದ್ಧಾಂಜಲಿ ಫ್ಲೆಕ್ಸ್ ಮಾಡಿಸಿದ. ಯಜಮಾನರನ್ನು ಎಲ್ಲರೂ ಬಲ್ಲರು, ತನ್ನ ಫೋಟೋ ದೊಡ್ಡದಿರಲಿ ಎಂದ. ತೀರಿಕೊಂಡವರು ಮೂಲೆ ಸೇರಿದರು. ಹುಡುಗ ಕೈಮುಗಿದು ಸರ್ಕಲ್ಲಿನ ತುಂಬ ನಿಂತ.

ನಿಶ್ಚಯದ ಸೀರೆ ಕೊಳ್ಳಲು ರಾಯಚೂರಿಗೆ ಬಂದ ಹೆಣ್ಣಿನ ಕಡೆಯವರು ಅದನ್ನು ಕಂಡರು. ಹುಡುಗನೇ ಹೋದನೆಂದು ಹೆಣ್ಣಿನ ಅಜ್ಜಿ ಎದೆ ಬಡಿದುಕೊಂಡಳು. ಹೆಣ್ಣಿನ ಅಪ್ಪ ನನ್ನ ಅಂಗಡಿಗೆ ಬಂದು, "ಮಣ್ಣು ಮಾಡೂದು ಯಾವಾಗ್ರೀ?" ಎಂದು ಕೇಳಿದ. ನಾನು ಯಜಮಾನರನ್ನು ನೆನೆದು, "ನಿನ್ನೇನ ಆತ್ರೀ" ಎಂದೆ.

ಸೀರೆಯ ಬದಲು ಹಾರ ಕೊಂಡು ಮಾನ್ವಿಗೆ ಹೋದರು. ಅಳುತ್ತ ಅಂಗಳಕ್ಕೆ ಕಾಲಿಟ್ಟರೆ, "ಬರ್ರಿ ಮಾವಾರ" ಎನ್ನುತ್ತ ಸತ್ತವನೇ ಎದುರು ಬಂದನಂತೆ.

ಮರುದಿನ ಹುಡುಗ ಎಲ್ಲರನ್ನೂ ನನ್ನ ಅಂಗಡಿಗೆ ಕರೆತಂದ. ಅಜ್ಜಿಗೆ ಬಿಡಿಸಿ ಹೇಳಿದೆ: "ಯವ್ವಾ, ದೊಡ್ಡದು ಬದುಕಿದ್ದವ್ರದು. ಮೂಲ್ಯಾಗ ಸಣ್ಣಗ ಇರ್ತಾರಲ್ಲ, ಅವರು ಹೋದವ್ರು." ಅಜ್ಜಿ ತಲೆಯಾಡಿಸಿದಳು. ಆದರೆ ಹೆಣ್ಣು ಹುಡುಗನತ್ತ ತಿರುಗಿ, "ಸತ್ತವರಿಗೇ ಜಾಗ ಬಿಡದಾಂವ ನನಗ ಬಿಡ್ತಾನೇನು? ಈ ಮದಿವಿ ಬ್ಯಾಡ" ಎಂದಳು. ಹುಡುಗ ತಟ್ಟನೆ ಕೈಮುಗಿದ. ಮದುವೆ ಫ್ಲೆಕ್ಸ್ ತುಂಬ ಆಕೆಯೇ ಇರಲಿ, ತನಗೆ ಮೂಲೆ ಸಾಕು ಎಂದು ಎಲ್ಲರೆದುರು ಹೇಳಿದ. ಆಕೆಗೆ ನಗು ಬಂತು, ಮದುವೆ ಉಳಿಯಿತು.

ಮಾತಿನಂತೆ ಫ್ಲೆಕ್ಸ್ ಕಟ್ಟಿದೆ. ರಾಯಚೂರಿನಲ್ಲೇ ನಡೆದ ಮದುವೆಗೆ ಹೊರಟ ಅಜ್ಜಿ ಸರ್ಕಲ್ಲಿನಲ್ಲಿ ಗಾಡಿ ನಿಲ್ಲಿಸಿ, ಕಣ್ಣು ಕಿರಿದು ಮಾಡಿ ಮೂಲೆ ನೋಡಿದಳು. ಆಮೇಲೆ ನನ್ನತ್ತ ತಿರುಗಿ ಮೆಲ್ಲಗೆ ಕೇಳಿದಳು:

"ಪಾಪ, ವಯಸ್ಸಿನ ಹುಡುಗ. ಯಾವಾಗ ಹೋದ?"