ಒಂದೇ ಬೆಡಗಿನ ಬೂಷ್ಟು

ಈರುಳ್ಳಿ ಗರಿಯನ್ನು ಸುರುಳಿ ಸುತ್ತಿಸೋ ಹಾವುಸುಳಿ ರೋಗ ಇದೆಯಲ್ಲ, ಅದರ ಬೂಷ್ಟನ್ನು ಗಾಜಿನ ತಟ್ಟೆಯಲ್ಲಿ ಸಾಕೋದು ನನ್ನ ಕೆಲಸ. ಅದಕ್ಕೆ ಹೆಸರಿಡೋಕೆ ಹೋದಾಗಲೆಲ್ಲ ಒಂದಲ್ಲ ಒಂದು ಫಜೀತಿ. ಹಿರಿಯೂರಲ್ಲಿ ಬಾಡಿಗೆ ರೂಮು, ಒಂಟಿ ಜೀವ. ಹೇಳ್ಕೊಂಡು ನಗೋಕೂ ಜನ ಇಲ್ಲ, ಅದಕ್ಕೇ ಬರೀತಿದ್ದೀನಿ.

೧. ತವರೂರು

ನೋಡೋಕೆ ಬೂಷ್ಟೆಲ್ಲ ಒಂದೇ. ಒಳಗೆ ಮಾತ್ರ ನಮ್ಮ ಜನರ ಹಾಗೇ ಬೆಡಗು, ಅಂದ್ರೆ ಗೋತ್ರ, ಬೇರೆ ಬೇರೆ. ಮೊದಮೊದಲು ಸಿಕ್ಕಿದ ಊರಿನ ಹೆಸರನ್ನೇ ಇಡುತ್ತಿದ್ದೆ. ತಟ್ಟೆ ಮೇಲೆ 'ಯಲ್ಲದಕೆರೆ' ಅಂತ ಬರೆದಿದ್ದನ್ನು ಲ್ಯಾಬಿಗೆ ಬಂದಿದ್ದ ಆ ಊರಿನ ರೈತರೊಬ್ಬರು ನೋಡಿಬಿಟ್ಟರು.

"ಏನ್ ಸಾರ್, ರೋಗಕ್ಕೆ ನಮ್ಮೂರ ಹೆಸ್ರಾ? ನಮ್ ಈರುಳ್ಳಿ ಯಾರು ಮುಟ್ತಾರೆ? ಅಳಿಸ್ರಿ ಮೊದ್ಲು!"

"ಮತ್ತೆ ಏನಂತ ಇಡ್ಲಿ?"

ಯೋಚನೆಯನ್ನೇ ಮಾಡಲಿಲ್ಲ ಪುಣ್ಯಾತ್ಮ. "ಬಿ.ದುರ್ಗ ಅಂತ ಬರ್ಕಳ್ರಿ. ನನ್ ಹೆಂಡ್ತಿ ತವರೂರು."

೨. ಸಂಬಂಧ

ಊರು ಬಿಟ್ಟು ಬೆಡಗಿಗೊಂದು ನಂಬರ್ ಹಿಡಿದೆ. ನಾನು ಮೂರು ಅಂದದ್ದನ್ನು ಚಿತ್ರದುರ್ಗದ ಲ್ಯಾಬಿನ ಮೇಡಂ ಐದು ಅಂದರು. ಅವರೂ ನನ್ನ ಹಾಗೇ ಒಂಟಿ, ನನ್ನ ಹಾಗೇ ಹಟ. ಹೆಸರು ಒಂದಾಗದಿದ್ದರೆ ಇಬ್ಬರ ಕೆಲಸವೂ ತಾಳೆಯಾಗದೆ ವ್ಯರ್ಥ. ಹಾಗಾಗಿ ದಿನಾ ಸಂಜೆ ಫೋನಲ್ಲಿ ಜಗಳ. ನಿಜ ಹೇಳ್ತೀನಿ, ಇಡೀ ದಿನಕ್ಕೆ ನನಗೆ ಬರುತ್ತಿದ್ದದ್ದು ಅದೊಂದೇ ಫೋನು.

ಒಂದು ಸಂಜೆ ಜಗಲಿ ಮೇಲೆ ಕೂತು ಕೂಗಾಡಿದೆ: "ಹೊಸದುರ್ಗದ್ದೂ ಚಿಕ್ಕಜಾಜೂರಿಂದೂ ಒಂದೇ ಬೆಡಗು ಮೇಡಂ!"

ಮನೆ ಓನರ್ ಅಜ್ಜಿ ಓಡಿ ಬಂತು. "ಒಂದೇ ಬೆಡಗು ಅಂದ್ರೆ ಅಣ್ತಮ್ಮರು ಕಣಪ್ಪ, ಲಗ್ನ ಆಗಂಗಿಲ್ಲ. ಬಿಡು, ಬ್ಯಾರೆ ಸಂಬಂಧ ನೋಡಾಣ."

"ಅಜ್ಜಿ, ಅದು ಈರುಳ್ಳಿ ಬೂಷ್ಟು."

ಅಜ್ಜಿ ನನ್ನನ್ನು ಮೇಲಿಂದ ಕೆಳಗೆ ನೋಡಿತು. "ಬೂಷ್ಟಿಗೆ ಸಂಬಂಧ ನೋಡ್ತಾ ಕುಂತಿದೀಯಲ್ಲ, ನಿಂಗೆ ಯಾವಾಗಪ್ಪ?"

೩. ಅನುಮಾನ

ಕೊನೆಗೆ ಹೊಳಲ್ಕೆರೆ ಮೀಟಿಂಗಿನಲ್ಲಿ ರಾಜಿಯಾಯಿತು. ಅದು ಐದೇ ಅಂತ ನಾನೇ ಒಪ್ಪಿಕೊಂಡೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮಾರನೇ ದಿನದಿಂದ ಫೋನು ಬಂದ್.

ವಾರ ಕಳೆಯಿತು. ಹೆಸರು ಒಂದಾಯ್ತು ಅನ್ನೋ ಖುಷಿ ಎಲ್ಲಿ ಹೋಯಿತೋ, ಸಂಜೆ ಆದರೆ ಮನಸ್ಸು ಬಿಕೋ ಅನ್ನೋದು. ಅಜ್ಜಿಯೂ ಕೇಳಿತು: "ಯಾಕಪ್ಪ, ಬೀಗರು ಮುನಿಸ್ಕಂಡ್ರಾ?"

ತಡೆಯಲಾಗದೆ ನಾನೇ ಫೋನ್ ಮಾಡಿದೆ. "ಮೇಡಂ, ಆ ಐದರ ಮೇಲೆ ನಂಗೆ ಸ್ವಲ್ಪ ಅನುಮಾನ ಐತೆ."

ಮೇಡಂ ರೇಗಿದರು: "ಅನುಮಾನ ಪಡಾಕೆ ಒಂದು ವಾರ ಬೇಕಾಯ್ತಾ ಸಾರ್? ನಂಗೆ ಮೀಟಿಂಗ್ ಮುಗಿದ ದಿನಾನೇ ಐದು, ಆರು, ಏಳು, ಎಲ್ಲದರ ಮೇಲೂ ಬಂದೈತೆ!"

ಒಳಗಿಂದ ಅಜ್ಜಿ ಕೂಗಿತು:

"ಬೂಷ್ಟಿಂದು ಸಾಕು, ಈ ಸಲ ಆಯಮ್ಮನ ಬೆಡಗು ಕೇಳಪ್ಪ!"