ಬಿರಾದಾರನ ರೊಟ್ಟಿ ಪಾಠ

ಹೊಟ್ಟೆಕಿಚ್ಚು ನನ್ನ ಹುಟ್ಟುಗುಣ. ಎಲೆಕ್ಟ್ರಾನಿಗೆ ಸ್ಪಿನ್ ಇದ್ದ ಹಾಗೆ. ಯಾರೂ ತಿರುಗಿಸಿ ಬಿಟ್ಟದ್ದಲ್ಲ, ನಿಲ್ಲಿಸಲೂ ಬರುವುದಿಲ್ಲ. ಮುದ್ದೇಬಿಹಾಳದ ಕಾಲೇಜಿನಲ್ಲಿ ಇಪ್ಪತ್ತು ವರ್ಷಗಳಿಂದ ಭೌತಶಾಸ್ತ್ರ ಕಲಿಸುತ್ತಿದ್ದೇನೆ. ಬೆಳಕಿಗೂ ಸ್ಪಿನ್ ಉಂಟು, ಅದು ಸುಳಿ ಸುತ್ತುತ್ತ ಸಾಗಬಲ್ಲದು, ನೋಡುವವನೂ ತಿರುಗುತ್ತಿದ್ದರೆ ಲೆಕ್ಕವೇ ಬದಲಾಗುತ್ತದೆ ಎಂದು ಹೆಂಡತಿ ಸುಮಿತ್ರಾಳಿಗೂ ಅಷ್ಟೇ ವರ್ಷಗಳಿಂದ ಹೇಳುತ್ತ ಬಂದಿದ್ದೇನೆ. ಆಕೆ ಪ್ರತಿಸಲವೂ ಆಕಳಿಸಿದ್ದಾಳೆ.

ಹೋದ ತಿಂಗಳು ಸಿಂದಗಿಯಿಂದ ನಮ್ಮ ವಿಭಾಗಕ್ಕೇ ವರ್ಗವಾಗಿ ಬಂದ ಬಿರಾದಾರ ಎಂಬ ತರುಣ ಅಧ್ಯಾಪಕನನ್ನು ಊಟಕ್ಕೆ ಕರೆದೆ. ತಪ್ಪು ನನ್ನದೇ. ಸುಮಿತ್ರಾ ರೊಟ್ಟಿ ಬಡಿಯುತ್ತಿದ್ದಳು. ಪ್ರತಿ ಏಟಿಗೂ ರೊಟ್ಟಿ ಅವಳ ಅಂಗೈಯಡಿ ಒಂದಿಷ್ಟು ತಿರುಗುತ್ತಿತ್ತು. ಆತ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡಿದ.

"ವೈನಿ, ರೊಟ್ಟಿ ತಿರುಗೋ ಕಡೇನ ನೀವೂ ತಿರುಗಿದ್ರ ಅದು ಸಾವಕಾಶ ಕಾಣತೈತ್ರಿ. ಎದುರು ತಿರುಗಿದ್ರ ಜೋರ ಕಾಣತೈತಿ. ಸುಳಿ ಸುತ್ತೋ ಬೆಳಕಿಂದೂ ಇಷ್ಟರಿ" ಎಂದ.

ಸುಮಿತ್ರಾ ಆಕಳಿಸಲಿಲ್ಲ. ಕಣ್ಣರಳಿಸಿ, ಇಷ್ಟು ಸರಳವೇ ಎಂದು ಕೇಳಿ, ಆತನ ರೊಟ್ಟಿಗೆ ಬೆಣ್ಣೆ ಹಾಕಿದಳು. ನನ್ನ ಊಟ ಶೇಂಗಾ ಚಟ್ನಿಪುಡಿಯಲ್ಲೇ ಮುಗಿಯಿತು. ಬೆಣ್ಣೆಯ ಮಾತಿರಲಿ, ಆ ಕಣ್ಣರಳಿಸುವಿಕೆ ನನಗೆ ಸಲ್ಲಬೇಕಾಗಿತ್ತು. ರಾತ್ರಿಯಿಡೀ ಉರಿದುಕೊಂಡೆ.

ಮರುದಿನ ಸುಮ್ಮನಿರಲಾರದೆ ಇರುವೆ ಬಿಟ್ಟುಕೊಂಡೆ. ಡಬ್ಬಿಯಲ್ಲಿ ಜೋಳದ ಹಿಟ್ಟು, ಬಗಲಲ್ಲಿ ರೊಟ್ಟಿ ಬಡಿಯುವ ಹಲಗೆ ಹಿಡಿದು ತರಗತಿಗೆ ಹೋದೆ. ಬಿರಾದಾರ ಬರೀ ಬಾಯಲ್ಲಿ ಹೇಳಿದ್ದನ್ನು ನಾನು ಮಾಡಿಯೇ ತೋರಿಸುವವನಿದ್ದೆ. ನಳದ ನೀರಲ್ಲಿ ಹಿಟ್ಟು ನಾದಿ ಬಡಿದೆ. ರೊಟ್ಟಿ ತಿರುಗುವುದಿರಲಿ, ನಾಲ್ಕು ಹೋಳಾಗಿ ಒಂದು ಇಂಡಿ ತಾಲೂಕಿನ ಕಡೆ, ಒಂದು ಬಾಗೇವಾಡಿ ತಾಲೂಕಿನ ಕಡೆ ಹೊರಟಿತು. ಮುಂದಿನ ಬೆಂಚಿನ ಹುಡುಗಿ ಎದ್ದು ನಿಂತು ಮೆಲ್ಲಗೆ, "ಸರ್, ಜ್ವಾಳದ ಹಿಟ್ಟಿಗೆ ಬಿಸಿನೀರು ಹಾಕಬೇಕ್ರಿ" ಎಂದಳು. ಎಲೆಕ್ಟ್ರಾನಿನ ಬಗ್ಗೆ ಆ ದಿನ ಯಾರೂ ಒಂದು ಪ್ರಶ್ನೆ ಕೇಳಲಿಲ್ಲ.

ಸಂಜೆ ಮನೆಯಲ್ಲಿ ಎಲ್ಲವನ್ನೂ ಬಿರಾದಾರನ ತಲೆಗೇ ಕಟ್ಟಿದೆ. ಬಂದು ತಿಂಗಳಾಗಿಲ್ಲ, ಎಲ್ಲಿ ನೋಡಿದರೂ ಅವನೇ. ಏನು ಅವನ ಆರ್ಭಟ ಎಂದೆ. ಸುಮಿತ್ರಾ ಹಲಗೆಗಂಟಿದ ಹಿಟ್ಟು ಕೆರೆಯುತ್ತ ಸಮಾಧಾನವಾಗಿ ಕೇಳಿಸಿಕೊಂಡಳು.

"ಅವರು ತಮ್ಮಷ್ಟಕ್ಕ ತಾವು ಅದಾರ್ರಿ. ನೀವು ಅವರ ಎದುರು ತಿರುಗಾಕತ್ತೀರಿ. ಅದಕ್ಕ ನಿಮಗ ಅವರು ಅಷ್ಟ ಜೋರ ಕಾಣ್ತಾರ."

ಉತ್ತರ ಸಂಪೂರ್ಣ ಸರಿಯಾಗಿತ್ತು. ಇಪ್ಪತ್ತು ವರ್ಷಗಳಲ್ಲಿ ಈ ಪಾಠಕ್ಕೆ ನಾನು ಪೂರ್ತಿ ಅಂಕ ಕೊಡಬಹುದಾಗಿದ್ದ ಶಿಷ್ಯೆ ಇವಳೊಬ್ಬಳೇ. ಅವಳೂ ಬಿರಾದಾರನ ಶಿಷ್ಯೆ.