ಕಿಟಕಿ ಸೀಟಿನ ಸತ್ಯಾಗ್ರಹ

ಬಸ್ ಸ್ಟ್ಯಾಂಡಿನ ಬಯಲಿನಲ್ಲಿ ಸುಣ್ಣದ ಗೆರೆ ಎಳೆಯುತ್ತಿದ್ದಾರೆ ಎಂಬ ಸುದ್ದಿಯನ್ನು ಹಾಲಿಗೆ ಹೋಗಿದ್ದ ಹೆಂಡತಿ ಪಂಕಜಾ ಹೊತ್ತು ತಂದಾಗ ಚಕ್ರಪಾಣಿ ಅರ್ಧ ಗಡ್ಡ ಹೆರೆದುಕೊಂಡಿದ್ದ.

"ಬಸ್ಸಿನವರು ಅಲ್ಲಿ ಮೂರಂತಸ್ತಿನ ಮನೆ ಕಟ್ಟಿ ಮಾರ್ತಾರಂತೆ ಕಣ್ರೀ."

ರೇಜರು ಕೆನ್ನೆಯ ಮೇಲೇ ನಿಂತಿತು. "ಮತ್ತೆ ಬಸ್ಸು ಎಲ್ಲಿಂದ ಹೊರಡತ್ತೆ?"

"ನಂಗೇನು ಗೊತ್ತು? ನಾನೇನು ಕಂಡಕ್ಟರಾ?"

ಚಕ್ರಪಾಣಿಗೆ ಈ ಲೋಕದಲ್ಲಿ ತನ್ನದು ಅಂತ ಇದ್ದದ್ದು ಒಂದೇ ಜಾಗ. ಮನೆಯ ಆರಾಮ ಕುರ್ಚಿ ದೀಪಾವಳಿಗೆಂದು ಬಂದು ಹಿಂತಿರುಗದ ಮಾವನವರ ಪಾಲಾಗಿತ್ತು. ಆಫೀಸಿನಲ್ಲಿ ಅವನ ಮೇಜು ಫ್ಯಾನಿನ ಗಾಳಿ ತಲುಪದ ಮೂಲೆಯಲ್ಲಿತ್ತು. ಆದರೆ ಮಾರ್ಕೆಟ್ಟಿಗೆ ಹೋಗುವ ಬಸ್ಸು ವಿಜಯನಗರದ ಈ ಸ್ಟ್ಯಾಂಡಿನಿಂದಲೇ ಹೊರಡುತ್ತಿದ್ದುದರಿಂದ, ದಿನಾ ಬೆಳಗ್ಗೆ ಖಾಲಿ ಬಸ್ಸು ಹತ್ತಿ ಕಿಟಕಿ ಪಕ್ಕ ಕಾಲು ಚಾಚಿ ಕೂತರೆ ಅವನು ಮಹಾರಾಜ. ಮುಂದಿನ ಸ್ಟಾಪಿನಿಂದ ಜನ ಬಾವಲಿಗಳಂತೆ ನೇತಾಡುವುದನ್ನು ನೋಡಿ ಅವನಿಗೆ ಕನಿಕರವೂ ಆಗುತ್ತಿತ್ತು, ಒಳಗೊಳಗೇ ಖುಷಿಯೂ ಆಗುತ್ತಿತ್ತು. ಬಸ್ಸು ಬೇರೆಲ್ಲಿಂದಲೋ ತುಂಬಿಕೊಂಡು ಬರುವುದಾದರೆ ನಾಳೆಯಿಂದ ಅವನೂ ಒಂದು ಬಾವಲಿ.

ಅರ್ಧ ಗಡ್ಡದಲ್ಲೇ ಅವನು ಬಯಲಿಗೆ ಓಡಿದ.

ಸೀಟಿಗಾಗಿ ಜಗಳವಾಡಿದರೆ ಜನ ನಗುತ್ತಾರೆ ಅನ್ನುವಷ್ಟು ಬುದ್ಧಿ ಅವನಿಗಿತ್ತು. ಆದ್ದರಿಂದ, "ಇದು ಸಾರ್ವಜನಿಕರ ಸ್ವತ್ತು ಸ್ವಾಮಿ, ಮಾರೋಕೆ ಇವರು ಯಾರು?" ಎಂದು ಕೂಗಿದ. ಮಾತಿನಲ್ಲಿ ಸುಳ್ಳೂ ಇರಲಿಲ್ಲ. ಬಸ್ಸಿಗೆಂದು ಪಡೆದ ನೆಲದಲ್ಲಿ ಮನೆ ಕಟ್ಟಿ ಮಾರುವುದೆಂದರೆ, ಭಕ್ತರು ಒಪ್ಪಿಸಿದ ತೆಂಗಿನಕಾಯಿಯನ್ನು ಪೂಜಾರಿ ಹೋಟೆಲಿನ ಚಟ್ನಿಗೆ ಮಾರಿದ ಹಾಗೆ. ಕೇಳುವವರು ಬೇಡವೆ?

ಮೊದಲು ಓಡಿ ಬಂದವರು ಪಕ್ಕದ ಮನೆಯ ಸತ್ಯವತಿ. ಇಡೀ ಬೀದಿಯ ಹಪ್ಪಳ ಒಣಗುತ್ತಿದ್ದದ್ದು ಆ ಬಯಲಿನಲ್ಲಿ, ಅವರ ಉಸ್ತುವಾರಿಯಲ್ಲಿ. "ನಾವು ಹಪ್ಪಳ ಎಲ್ಲಿ ಹಾಕೋಣ, ಇವರ ತಲೆ ಮೇಲಾ?" ಎಂದರು.

ಅವರ ಹಿಂದೆ ಸೊಪ್ಪಿನ ಬುಟ್ಟಿ ಇಳಿಸಿ ಮುನಿವೆಂಕಟಪ್ಪ ನಿಂತ. ಹಿಂದೆ ಈ ಬಯಲು ಅವನದೇ ಹೊಲ. ಅದು ಕೈಬಿಟ್ಟ ಮೇಲೆ ನಾಗರಬಾವಿಯಲ್ಲಿ ನೆಲೆಸಿ, ದಿನಾ ಅಲ್ಲಿಂದ ಇಲ್ಲಿಯವರೆಗೆ ನಡೆದು ಬಂದು ಬಸ್ಸು ಹತ್ತುತ್ತಿದ್ದ.

"ಊರ ಜನಕ್ಕೆ ಬಸ್ಸು ಬತ್ತದೆ ಅಂದ್ರು, ಬಿಡಿಗಾಸಿಗೆ ಕೊಟ್ಟೆ," ಎಂದ. "ರಾಗಿ ಬೆಳೀತಿದ್ದೆ ಸಾಮಿ ಇಲ್ಲಿ. ಮನೆ ಕಟ್ಟಿ ಮಾರಾದಾಗಿದ್ರೆ ನಾನೇ ಮಾರ್ಕೊಂತಿದ್ನಲ್ಲ."

ಸುಣ್ಣದ ಗೆರೆ ಎಳೆಸುತ್ತಿದ್ದ ಎಂಜಿನಿಯರ್ ಪುರುಷೋತ್ತಮ ಸಂಭಾವಿತ ಮನುಷ್ಯ. "ಒಂದ್ನಿಮಿಷ ಕೇಳಿ ಸಾರ್, ಈ ನಕ್ಷೆ ನೋಡಿದ್ರೆ ನಿಮಗೇ ಗೊತ್ತಾಗತ್ತೆ," ಎನ್ನುತ್ತ ನೆಲದ ಮೇಲೆ ದೊಡ್ಡ ಕಾಗದ ಹಾಸಿದ.

"ನಕ್ಷೆ ತೋರಿಸಿ ನಮ್ಮ ಬಾಯಿ ಮುಚ್ಚಿಸ್ತೀರಾ?" ಎಂದು ಚಕ್ರಪಾಣಿ ಆ ಕಾಗದದ ಮೇಲೇ ಚಕ್ಕಂಬಕ್ಕಲ ಹಾಕಿ ಕೂತುಬಿಟ್ಟ. ಜನ ಚಪ್ಪಾಳೆ ತಟ್ಟಿದರು. ಎಂಜಿನಿಯರ್ ನಕ್ಷೆಯ ತುದಿ ಹಿಡಿದು ಎಳೆದು ನೋಡಿದ, ಬರಲಿಲ್ಲ. ಸೋತು ಹೆಡ್ಡಾಫೀಸಿಗೆ ಹೊರಟುಹೋದ.

ಅಷ್ಟರಲ್ಲಿ ಚಕ್ರಪಾಣಿಯ ಬಸ್ಸು ಹೊರಟಿತು. ಅವನ ಕಿಟಕಿಯಲ್ಲಿ ಯಾವನೋ ಮೀಸೆಯವನು ಕೂತು ಬಾಳೆಹಣ್ಣು ಸುಲಿಯುತ್ತಿದ್ದ. ಚಕ್ರಪಾಣಿ ಎದ್ದೇಬಿಡುತ್ತಿದ್ದ, ಆದರೆ ಸತ್ಯವತಿ, "ನೀವು ಅಲುಗಾಡಬೇಡಿ, ನಾವೆಲ್ಲ ಇದೀವಿ," ಎಂದು ಧೈರ್ಯ ಹೇಳಿದರು.

ಮಧ್ಯಾಹ್ನ ಪಂಕಜಾ ಡಬ್ಬಿಯಲ್ಲಿ ಚಿತ್ರಾನ್ನ ತಂದಳು. ಸತ್ಯವತಿ ಅದನ್ನು ಅರ್ಧ ದಾರಿಯಲ್ಲೇ ತಡೆದರು. "ಸತ್ಯಾಗ್ರಹಕ್ಕೆ ಕೂತೋರಿಗೆ ಚಿತ್ರಾನ್ನ ತರ್ತಾರೇನೇ? ನಾಲ್ಕು ಜನ ಏನಂತಾರೆ?"

ತಾನು ಉಪವಾಸ ಕೂತಿರುವ ವಿಷಯ ಚಕ್ರಪಾಣಿಗೆ ತಿಳಿದದ್ದೇ ಆಗ. ಉಪವಾಸ ಬೇಡ ಎನ್ನಲು ಬಾಯಿ ತೆರೆದ, ಸುತ್ತಲಿದ್ದವರ ಮುಖದ ಭಕ್ತಿ ನೋಡಿ ಮುಚ್ಚಿಕೊಂಡ. ಚಿತ್ರಾನ್ನವನ್ನು ಬೆಂಬಲಿಗರು ಹಂಚಿಕೊಂಡು ತಿಂದು, ಉಪ್ಪು ಸ್ವಲ್ಪ ಕಡಿಮೆಯಾಯಿತು ಎಂದರು.

ಸಂಜೆ ಪುರುಷೋತ್ತಮ ಮರಳಿ ಬಂದ. "ನೀವು ಗೆದ್ರಿ ಸಾರ್. ಇಲ್ಲಿ ಮನೆ ಕಟ್ಟಲ್ಲ. ನಾಗರಬಾವಿ ಕಡೆ ನಮ್ಮದೇ ಖಾಲಿ ಜಾಗ ಇದೆ, ಅಲ್ಲೇ ಕಟ್ತೀವಿ."

ಬಯಲು ಹೋ ಎಂದಿತು. ಯಾರೋ ಸೇವಂತಿಗೆ ಹಾರ ತಂದು ಚಕ್ರಪಾಣಿಯ ಕೊರಳಿಗೆ ಹಾಕಿದರು. ಅವನು ಹಾರ ಸರಿಮಾಡಿಕೊಳ್ಳುತ್ತ, "ಅಂದ್ರೆ ಬಸ್ಸು ಇಲ್ಲಿಂದಲೇ ಹೊರಡತ್ತೆ," ಎಂದ.

"ಅದು ಹೇಗೆ ಸಾರ್? ಮನೆ ಎಲ್ಲಿ ಬರತ್ತೋ ಅಲ್ಲಿಂದ ತಾನೆ ಬಸ್ಸು? ಕೆಲಸದವರಿಗೂ ಬೇಕು, ಸೋಮವಾರದಿಂದಲೇ ನಾಗರಬಾವಿಯಿಂದ ಬಿಡ್ತಾರೆ. ಇಲ್ಲಿ ಬಂದು ನಿಂತು ಹೋಗತ್ತೆ."

ಚಕ್ರಪಾಣಿ ಹಾರದಿಂದ ಕೈ ತೆಗೆದ. "ಇಲ್ಲೇ ಕಟ್ಟಿದ್ರೆ?"

"ಇಲ್ಲಿಂದಲೇ ಹೊರಡ್ತಿತ್ತು. ಕೆಳಗೆ ಬಸ್ ಸ್ಟ್ಯಾಂಡು, ಮೇಲೆ ಮನೆ. ಬೆಳಗ್ಗೆ ಅದನ್ನೇ ತೋರಿಸೋಕೆ ಬಂದೆ, ನೀವು ಅದರ ಮೇಲೇ ಕೂತ್ರಿ."

ಚಕ್ರಪಾಣಿ ಸುತ್ತಲೂ ನೋಡಿದ. ಆಮೇಲೆ ಮೆಲ್ಲಗೆ, "ಅಲ್ಲ, ಸಮಾಧಾನವಾಗಿ ಯೋಚನೆ ಮಾಡಿದ್ರೆ, ಇಲ್ಲೇ ಕಟ್ಟಿದ್ರೂ ಅಂಥಾ ತಪ್ಪೇನಿಲ್ಲ ಅನ್ಸತ್ತೆ," ಎಂದ.

ಸತ್ಯವತಿ ಒಮ್ಮೆ ಅವನನ್ನೂ ಒಮ್ಮೆ ಎಂಜಿನಿಯರನ್ನೂ ನೋಡಿ, "ಎಷ್ಟು ಕೊಡ್ತೀನಿ ಅಂದ್ರು?" ಎಂದು ಕೇಳಿದರು.

ಇಡೀ ದಿನ ಬಿಸಿಲಲ್ಲಿ ಒಣಗಿದವನಿಗೆ ಈ ಮಾತು. ಚಕ್ರಪಾಣಿಗೆ ಮೈಯೆಲ್ಲ ಉರಿಯಿತು, ಆದರೆ ನಿಜ ಹೇಳುವಂತಿರಲಿಲ್ಲ.

"ಬುಡಿ ತಾಯಿ, ಹಸ್ಕೊಂಡು ತಲೆ ತಿರುಗೈತೆ ಅವ್ರಿಗೆ," ಎಂದು ಮುನಿವೆಂಕಟಪ್ಪ ಮುಂದೆ ಬಂದು ಚಕ್ರಪಾಣಿಯ ಕೈ ಹಿಡಿದುಕೊಂಡ. ಅವನ ಕಣ್ಣು ಒದ್ದೆಯಾಗಿತ್ತು. "ನಿಮ್ಮಿಂದ ನಮ್ಮೂರಿಗೆ ಬಸ್ಸು ಬಂತು ಸಾಮಿ. ಇನ್ ಮ್ಯಾಕೆ ಮೊದ್ಲು ಹತ್ತೋನು ನಾನೇ. ದಿನಾ ಟವಲ್ ಹಾಸಿ ನಿಮಗೊಂದು ಸೀಟು ಹಿಡಿದಿರ್ತೀನಿ."

ಮುಳುಗುತ್ತಿದ್ದವನಿಗೆ ಹುಲ್ಲುಕಡ್ಡಿ ಸಿಕ್ಕಿತು. "ಕಿಟಕಿ ಪಕ್ಕದ್ದಾ?" ಎಂದು ಚಕ್ರಪಾಣಿ ಪಿಸುಗುಟ್ಟಿದ.

ಮುನಿವೆಂಕಟಪ್ಪ ಹಿಡಿದಿದ್ದ ಕೈ ಬಿಟ್ಟ.

"ಕಿಟಕಿ ನಂಗಿರ್ಲಿ ಸಾಮಿ," ಎಂದ. "ಹೊಲ ಕಳ್ಕಂಡೋನು ನಾನಲ್ವಾ."